ಮೀನು ತಿನ್ನುತ್ತೀರಾ, ಮೊದಲು ಅದು ಹೇಳಿ

ಮಂಗಳೂರಿಗೆ ಮದುವೆಗೋ ಕೋರ್ಟು ಕೆಲಸಕ್ಕೋ ಬಂದವರು ಯಾರನ್ನಾದರೂ ನಿಲ್ಲಿಸಿ "ಇಲ್ಲಿ ಒಳ್ಳೆ ಊಟ ಎಲ್ಲಿ ಸಿಗುತ್ತೆ?" ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಪಾಟೀಸವಾಲು ಶುರುವಾಗುತ್ತದೆ. ಮೀನು ತಿನ್ನುತ್ತೀರಾ? ತಿನ್ನುವುದಾದರೆ ಮುಳ್ಳು ಬಿಡಿಸಲಿಕ್ಕೆ ಬರ್ತದಾ? ಜೊತೆಗೆ ಹೆಂಗಸರು ಮಕ್ಕಳು ಇದ್ದಾರಾ? ಬಸ್ಸು ಎಷ್ಟು ಗಂಟೆಗೆ? ಇಷ್ಟಕ್ಕೂ ತೃಪ್ತಿಯಾಗುವಂತೆ ಉತ್ತರಿಸಿದ ಮೇಲೆ ಕೊನೆಯದೊಂದು: "ಇವತ್ತು ವಾರ ಯಾವುದು ಮಾರಾಯ್ರೇ?"

ವಾರದ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಮೀನಿಲ್ಲದೆ ಅನ್ನ ಇಳಿಯದ ಎಷ್ಟೋ ಮನೆಗಳಲ್ಲಿ ಸೋಮವಾರ ಮೀನಿಲ್ಲ, ಸಂಕಷ್ಟಿಗಂತೂ ಇಲ್ಲವೇ ಇಲ್ಲ. ಇವುಗಳ ಮೇಲೆ ಸರಕಾರದ್ದೇ ಒಂದು ವ್ರತ ಉಂಟು. ಜೂನ್ 1ರಿಂದ ಜುಲೈ 31ರ ವರೆಗೆ, ಒಟ್ಟು 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮೊಟ್ಟೆಯಿಡುವ ಕಾಲ ಅದು. ಕರಾವಳಿಯ ಮಳೆ ನೋಡಬೇಕೆಂದು ಜುಲೈಯಲ್ಲಿ ಬಂದಿಳಿದು "ಫ್ರೆಶ್ ಅಂಜಲ್ ಎಲ್ಲಿ?" ಎನ್ನುವವರನ್ನು ಊರು ಕನಿಕರದಿಂದ ನೋಡುತ್ತದೆ. ಪೂರ್ವ ಕರಾವಳಿಯ ನಿಷೇಧ ಜೂನ್ 14ಕ್ಕೇ ಮುಗಿಯುವುದರಿಂದ ಆಗ ತಟ್ಟೆಗೆ ಬಂದ ಅಂಜಲ್ ಬಂಗಾಳ ಕೊಲ್ಲಿಯಲ್ಲಿ ಈಜಿ, ಲಾರಿಯಲ್ಲಿ ಮಲಗಿ, ಘಟ್ಟ ಇಳಿದು ಬಂದದ್ದೂ ಇರಬಹುದು.

ಹೋಟೆಲು ಹೇಳುವವರಲ್ಲಿ ಅತ್ಯಂತ ಗಂಭೀರರು ನಿವೃತ್ತ ಬ್ಯಾಂಕ್ ಮ್ಯಾನೇಜರುಗಳು. ಕೆನರಾ ಬ್ಯಾಂಕ್ (1906), ಕರ್ಣಾಟಕ ಬ್ಯಾಂಕ್ (1924) ಎರಡೂ ಹುಟ್ಟಿದ ಊರಿನಲ್ಲಿ ಅವರಿಗೆ ಬರವಿಲ್ಲ. ಸಾಲದ ಅರ್ಜಿ ನೋಡಿದ ಹಾಗೆಯೇ ಅವರು ಹೋಟೆಲನ್ನೂ ನೋಡುತ್ತಾರೆ: ಯಜಮಾನ ಗಲ್ಲಾದಲ್ಲಿ ಕೂರುತ್ತಾನಾ, ಅಡುಗೆಯವ ಬದಲಾಗಿದ್ದಾನಾ, ಮಗ ಅಮೆರಿಕಕ್ಕೆ ಹೋದನಾ. "ಅಲ್ಲಿ ಈಗ ಮೊದಲಿನ ಹಾಗೆ ಇಲ್ಲ" ಎಂದು ಅವರು ಒಂದು ಸಲ ಹೇಳಿಬಿಟ್ಟರೆ ಆ ಹೋಟೆಲಿಗೆ ಜಾಮೀನು ಕೊಡುವವರು ಕೇರಿಯಲ್ಲಿ ಯಾರೂ ಇರುವುದಿಲ್ಲ.

ಇಂಥವರಲ್ಲಿ ಹೆಚ್ಚಿನವರು ಮಧ್ಯಾಹ್ನಕ್ಕೆ ಹೇಳುವುದು ಬಂದರಿನ ನಾರಾಯಣ ಹೋಟೆಲು. ಒಬ್ಬೊಬ್ಬರು ಕಾರ್ ಸ್ಟ್ರೀಟ್ ಕಡೆಯ ಗಿರಿಮಂಜಾಸ್ ಹೇಳಿಯಾರು. ಎರಡನ್ನೂ ಒಂದೇ ಉಸಿರಿಗೆ ಹೊಗಳುವವರು ಕಡಿಮೆ. ಇಂಥ ಜಾಗಗಳಲ್ಲಿ ಮೇಜು ಕಾದಿರಿಸುವುದು ಎಂದರೆ ಉಣ್ಣುತ್ತಿರುವವರ ಬೆನ್ನ ಹಿಂದೆ ನಿಂತು ಅವರು ಮಜ್ಜಿಗೆಗೆ ಬಂದರಾ ಎಂದು ಬಗ್ಗಿ ನೋಡುವುದು. ಕೂತ ತಕ್ಷಣ "ಬಾಯ್ಲ್ಡಾ, ವೈಟಾ?" ಕುಚ್ಚಲಕ್ಕಿ ಎಂದವರಿಗೆ ಸರ್ವರ್ ಕಣ್ಣಲ್ಲಿ ಒಂದು ಮಾರ್ಕು ಹೆಚ್ಚು. ಆಮೇಲೆ ಹುರಿದ ಮೀನುಗಳ ತಟ್ಟೆಯೇ ಮೇಜಿಗೆ ಬರುತ್ತದೆ: ಕೆಂಪು ಮಸಾಲೆ ಮೆತ್ತಿಕೊಂಡು ಬೆನ್ನ ಮೇಲೆ ಮೂರು ಗೀರು ಹಾಕಿಸಿಕೊಂಡ ಬಂಗುಡೆ, ಉದ್ದಕ್ಕೆ ಮಲಗಿದ ಕಾಣೆ, ಹೆಸರಿಗೆ ತಕ್ಕ ದರದ ಮಾಂಜಿ. ಮೆನು ಓದಿ ಮೋಸಹೋಗುವ ಪ್ರಶ್ನೆಯೇ ಇಲ್ಲ. ಬೆರಳು ತೋರಿಸಿದರಾಯಿತು. ಪರ ಊರಿನವರು ಯಾವುದು ಚೆನ್ನಾಗಿದೆ ಎಂದು ಕೇಳಿದರೆ ಪಕ್ಕದಲ್ಲಿ ಉಣ್ಣುತ್ತಿರುವ ಅಪರಿಚಿತರು ತಮ್ಮ ತಟ್ಟೆಯಿಂದ ತಲೆಯೆತ್ತದೆ "ಬಂಗುಡೆ ತೆಗೊಳ್ಳಿ" ಎನ್ನುತ್ತಾರೆ. ಇಡೀ ಊರಿನಲ್ಲಿ ಪಾಟೀಸವಾಲಿಲ್ಲದೆ ಸಿಗುವ ಸಲಹೆ ಇದೊಂದೇ.

ಸಸ್ಯಾಹಾರಿಗಳ ಕೆಲಸ ಬೇಗ ಮುಗಿಯುತ್ತದೆ. ಬೆಳಿಗ್ಗೆ ಕಾರ್ ಸ್ಟ್ರೀಟಿನ ಮೋಹಿನಿ ವಿಲಾಸ, ಸಂಜೆ ನಾಲ್ಕರ ಮೇಲೆ ಎಲ್ಲಿ ಬಾಣಲೆ ಕಂಡರೆ ಅಲ್ಲಿ ಗೋಳಿಬಜೆ. ಬಾಳೆಹಣ್ಣು ಕಲಸಿ ಕರಿದ ಬನ್ಸ್ ಬೇಕರಿಯ ಬನ್ನಲ್ಲ ಎಂದು ಬೆಂಗಳೂರಿನವರಿಗೆ ಮೊದಲೇ ಹೇಳಿಡುವುದು ಒಳ್ಳೆಯದು.

ಕಷ್ಟ ಬರುವುದು ಬಾರಿನ ವಿಷಯಕ್ಕೆ. ಊರಿನ ಒಳ್ಳೆಯ ಕೋಳಿ ಸುಕ್ಕ, ಸಿಗಡಿ ಫ್ರೈ, ಪುಳಿಮುಂಚಿಗಳಲ್ಲಿ ಎಷ್ಟೋ ಬೇಯುವುದು ಸಿಎಲ್-9 ಸನ್ನದಿನ ಬಾರ್ ಅಂಡ್ ರೆಸ್ಟೋರೆಂಟುಗಳ ಒಲೆಯ ಮೇಲೆ. ಕುಡಿಯುವವರ ನಾಲಗೆ ಉಪ್ಪು ಖಾರದ ವಿಷಯದಲ್ಲಿ ನಿಷ್ಠುರ. ರುಚಿ ತಪ್ಪಿದ ದಿನವೇ ಅಡುಗೆಯವನನ್ನು ಮೇಜಿಗೆ ಕರೆಸುತ್ತಾರೆ. ಆದರೆ ಹೆಂಡತಿಯ ತವರಿನ ಹಿರಿಯರಿಗೆ ಇದನ್ನು ಹೇಳುವುದು ಹೇಗೆ? ನಮ್ಮ ಮ್ಯಾನೇಜರರು ದನಿ ತಗ್ಗಿಸುತ್ತಾರೆ. "ಮೇಲೆ ಫ್ಯಾಮಿಲಿ ರೂಮ್ ಉಂಟು. ಎಂತದ್ದೂ ತೊಂದರೆ ಇಲ್ಲ. ಮೆಟ್ಟಿಲು ಹತ್ತುವಾಗ ಎಡಗಡೆ ನೋಡದಿದ್ದರಾಯಿತು." ಎಡಗಡೆಯ ಮಬ್ಬು ದೀಪದ ಕೋಣೆಯಿಂದ ಆಗಲೇ ಯಾರೋ "ಏನು ಸರ್, ಈ ಕಡೆ?" ಎಂದು ಅವರನ್ನು ಹೆಸರು ಹಿಡಿದು ಕರೆಯುತ್ತಾರೆ. ಮೇಲೆ ಕೂತ ಹಿರಿಯರು ಸುಕ್ಕಕ್ಕೆ ಎರಡನೆಯ ನೀರ್‌ದೋಸೆ ಹಾಕಿಸಿಕೊಳ್ಳುವ ಹೊತ್ತಿಗೆ ಆ ಮುಜುಗರ ಅಷ್ಟಕ್ಕಷ್ಟೆ.

ಬಾರಿನ ಬೆಳಕು ಬೇಡವೆನ್ನುವವರಿಗೆ ಇನ್ನೊಂದು ಬಾಗಿಲಿದೆ. ರಾಜ್ಯದಲ್ಲಿ ಸಾರಾಯಿ 2007ರಲ್ಲಿ ನಿಂತಿತು. ಆದರೆ ದಕ್ಷಿಣ ಕನ್ನಡದಲ್ಲಿ ಮೂರ್ತೆದಾರರ ಸಹಕಾರಿ ಸಂಘಗಳ ಶೇಂದಿ ಅಂಗಡಿಗಳು ಉಳಿದುಕೊಂಡಿವೆ. ಅವುಗಳ ದಾರಿ ಹೇಳುವಾಗ ಮಾತ್ರ ಎಲ್ಲರೂ "ನಾನು ಹೋಗಿಲ್ಲ, ಹೇಳುವುದು ಕೇಳಿದ್ದು" ಎಂದು ಸೇರಿಸಿಯೇ, ಎಷ್ಟನೆಯ ತಿರುವು, ಯಾವ ಮರ ಎಂಬಲ್ಲಿಯವರೆಗೆ ವಿವರಿಸುತ್ತಾರೆ.

ಘೀ ರೋಸ್ಟ್ ಕೇಳಬೇಡಿ. ಕೇಳಿದರೆ "ಅದಕ್ಕೆ ಕುಂದಾಪುರಕ್ಕೇ ಹೋಗ್ಬೇಕು, ಶೆಟ್ಟಿ ಲಂಚ್ ಹೋಮಿಗೆ" ಎನ್ನುತ್ತಾರೆ, ಆಚೆ ಬೀದಿಗೆ ಕಳಿಸುವಷ್ಟು ಸಲೀಸಾಗಿ. ಅದು ಸುಮಾರು 90 ಕಿಲೋಮೀಟರ್ ದೂರ.

ಇಷ್ಟೆಲ್ಲ ಜಗಳವಾಡುವ ಊರು ಐಸ್‌ಕ್ರೀಮಿನ ಹೊತ್ತಿಗೆ ಒಂದಾಗುತ್ತದೆ: ಐಡಿಯಲ್. 1975ರಲ್ಲಿ ಶುರುವಾದದ್ದು ಎಂದು ಇಸವಿ ಸಮೇತ ಹೇಳುತ್ತಾರೆ. ಒಗ್ಗಟ್ಟು ನಿಲ್ಲುವುದು ಹಂಪನಕಟ್ಟೆಯ ಹಳೆಯ ಪಾರ್ಲರಾ, ಲಾಲ್‌ಬಾಗಿನ ಪಬ್ಬಾಸಾ ಎಂಬ ಪ್ರಶ್ನೆ ಏಳುವವರೆಗೆ. ಕಾರಿನಲ್ಲಿ ಉಡುಪಿಯವರು ಒಬ್ಬರಿದ್ದರೆ ಮುಗಿಯಿತು. ಉದ್ದ ಗ್ಲಾಸಿನಲ್ಲಿ ಜೆಲ್ಲಿ, ಹಣ್ಣು, ಗೋಡಂಬಿ, ಬಣ್ಣಬಣ್ಣದ ಐಸ್‌ಕ್ರೀಮುಗಳ ಪದರ ಏರಿಸಿದ ಗಡ್‌ಬಡ್ ಹುಟ್ಟಿದ್ದು ನಮ್ಮ ಡಯಾನಾದಲ್ಲಿ ಎಂದು ಅವರು, ಇಲ್ಲ ಇಲ್ಲಿಯೇ ಎಂದು ಇವರು. ಅಷ್ಟರಲ್ಲಿ ಗ್ಲಾಸಿನ ಮೇಲಿನ ಪದರ ಕರಗಿ ತಟ್ಟೆಗೆ ಇಳಿದಿರುತ್ತದೆ. ಮ್ಯಾನೇಜರರು ಈ ಜಗಳಕ್ಕೆ ಇಲ್ಲ. ಅವರಿಗೆ ಸಕ್ಕರೆ ಕಾಯಿಲೆ, ಹಾಗಾಗಿ ಒಂದೇ ಸ್ಕೂಪ್ ವೆನಿಲ್ಲಾ. ಎರಡನೆಯದನ್ನು ಅವರು ಹೆಂಡತಿಯ ಕಪ್ಪಿನಿಂದ ತಿನ್ನುತ್ತಾರೆ.