ಶಿರಃಶೂಲವೈದ್ಯಾನ್ವೇಷಣ ಮೀಮಾಂಸೆ: ಶಂಕರನಾರಾಯಣ ಪ್ರಸ್ಥಾನ

ಸೂತ್ರ: ತಲೆ ಒಂದು, ತಜ್ಞರು ಹಲವರು.

ಭಾಷ್ಯ: ತಲೆಯೆಂದರೆ ಕುಂದಾಪುರ ತಾಲೂಕಿನ ಶಂಕರನಾರಾಯಣದಲ್ಲಿ ವಾಸವಾಗಿರುವ, ತಿಂಗಳಿಗೆ ನಾಲ್ಕಾರು ಸಲ ಸಿಡಿಯುವ ತಲೆ. ತಜ್ಞರೆಂದರೆ ಆ ತಲೆ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತ ಯಾರೇ ಆದರೂ ಸರಿ.

“ಹ್ವಾಯ್, ಕಣ್ಣ್ ತೋರ್ಸ್ಕಂಡ್ರ್ಯಾ?” ಎಂಬುದು ನೇತ್ರವಾದಿಗಳ ಮತ. ಗ್ಯಾಸು ಮಂಡೆಗೇರಿದೆ ಎಂಬುದು ವಾಯುವಾದಿಗಳದು. ತಲೆಗೆ ಎಣ್ಣೆ ಮುಟ್ಟಿಸದ್ದರಿಂದ ಹೀಗಾಯಿತೆಂದು ತೈಲವಾದಿಗಳು ಸಾಧಿಸುತ್ತಾರೆ. ಈ ಪಂಥದಲ್ಲಿ ಅತ್ತೆಯಂದಿರ ಸಂಖ್ಯೆ ಹೆಚ್ಚು. ಇನ್ನು ದೃಷ್ಟಿವಾದಿಗಳನ್ನು ನೇತ್ರವಾದಿಗಳೊಂದಿಗೆ ಬೆರೆಸಬಾರದು. ಇವರು ಹೇಳುವುದು ಬೇರೆಯವರ ಕಣ್ಣಿನ ವಿಚಾರ, ಇವರ ಔಷಧ ಉಪ್ಪು ಮೆಣಸು. ನಾಲ್ಕೂ ಮತಗಳಿಗೆ ಸಮಾನವಾದ ಲಕ್ಷಣ ಒಂದಿದೆ: ನೋವು ಯಾವಾಗ, ಎಲ್ಲಿ, ಎಷ್ಟು ಹೊತ್ತು ಎಂದು ಯಾರೂ ರೋಗಿಯನ್ನು ಕೇಳುವುದಿಲ್ಲ.

ಶಾಸ್ತ್ರಕಾರರು ಇಷ್ಟು ಅವಸರದವರಲ್ಲ. ಸುಶ್ರುತಸಂಹಿತೆಯ ಉತ್ತರತಂತ್ರ 11 ಶಿರೋರೋಗಗಳನ್ನು ಹೇಳುತ್ತದೆ. ಅವುಗಳಲ್ಲಿ ಸೂರ್ಯಾವರ್ತವು ಬಿಸಿಲಿನೊಂದಿಗೆ ಏರಿ ಇಳಿಹೊತ್ತಿಗೆ ಇಳಿಯುತ್ತದೆ, ಹೆಚ್ಚುಕಡಿಮೆ ಸರಕಾರಿ ನೌಕರನ ದಿನಚರಿ. ಅರ್ಧಾವಭೇದಕವೇ ನಮ್ಮ ಅರೆತಲೆನೋವು. ಅಂತರರಾಷ್ಟ್ರೀಯ ತಲೆನೋವು ಸಂಘವು 1988ರಲ್ಲಿ ರಚಿಸಿ 2018ರಲ್ಲಿ ಮೂರನೆಯ ಆವೃತ್ತಿಗೆ ತಂದ ವರ್ಗೀಕರಣದಲ್ಲಿ 14 ಅಧ್ಯಾಯಗಳಿವೆ. ಅದನ್ನು ಓದಿದವರಿಗೆ ಗ್ರಂಥಕರ್ತರು ನಮ್ಮ ಕಡೆ ಒಂದು ಮಳೆಗಾಲ ಕಳೆದಿರಬೇಕೆಂಬ ಅನುಮಾನ ಬಾರದಿರದು. ಎಂಟು ತಾಸು ಉಪವಾಸವಿದ್ದರೆ ಬರುವ ತಲೆನೋವು ಅಲ್ಲಿದೆ. ಅದನ್ನು ಏಕಾದಶೀಶೂಲವೆಂದು ಓದಿಕೊಳ್ಳಬೇಕು. ತಲೆಗೆ ಏನನ್ನಾದರೂ ಬಿಗಿದ ಗಂಟೆಯೊಳಗೆ ಹುಟ್ಟಿ, ಬಿಚ್ಚಿದ ಗಂಟೆಯೊಳಗೆ ಹೋಗುವ ನೋವೂ ಇದೆ. ಬಡಗುತಿಟ್ಟು ಯಕ್ಷಗಾನದ ಮುಂಡಾಸು ಕಟ್ಟಿದವರಿಗೆ ಇದರ ವ್ಯಾಖ್ಯಾನ ಬೇಡ. ದಿನಾ ಕಾಫಿ ಕುಡಿಯುವವರಿಗೆ ಅದು ತಪ್ಪಿದ 24 ಗಂಟೆಯೊಳಗೆ ಬರುವ ನೋವೂ ಇದೆ. ನೆಂಟರ ಮನೆಯಲ್ಲಿ ಬರೀ ಕಷಾಯ ಕೊಟ್ಟಾಗ ಆಗುವುದು ಇದೇ. ಆದರೆ ಗ್ರಂಥದ ಘೋರ ಪ್ರಕರಣ ಬೇರೆ: ಸಾಧಾರಣ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ ಅಥವಾ ಹೆಚ್ಚು, ಮೂರು ತಿಂಗಳಿಗೂ ಮೀರಿ ನುಂಗುತ್ತ ಬಂದರೆ ಆ ಮಾತ್ರೆಯಿಂದಲೇ ತಲೆನೋವು ಬೆಳೆಯುತ್ತದೆ. ಅಂಗಡಿಯಲ್ಲಿ ಬಿಡಿ ಮಾತ್ರೆ ಕೊಳ್ಳುವವರು ಈ ಪುಟವನ್ನು ಎರಡು ಸಲ ಓದತಕ್ಕದ್ದು.

ಇಲ್ಲೊಂದು ಸ್ಥಳೀಯ ಜಟಿಲತೆ. ನಮ್ಮ ಗ್ರಾಮದೇವರು ಹರಿಹರರಿಬ್ಬರೂ ಒಂದಾದವರು. ಹರಿಹರ ಶಿಲ್ಪಗಳಲ್ಲಿ ಬಲಭಾಗ ಹರ, ಎಡಭಾಗ ಹರಿ. ಹಾಗಾದರೆ ಬಲಗಡೆಯ ಅರೆತಲೆನೋವಿನ ಹರಕೆ ಯಾರಿಗೆ, ಎಡಗಡೆಯದು ಯಾರಿಗೆ? ಮೈಗ್ರೇನು ಒಂದು ಸಲ ಈ ಪಕ್ಕ, ಮತ್ತೊಂದು ಸಲ ಆ ಪಕ್ಕ ಬರುವುದೂ ಉಂಟಾದ್ದರಿಂದ ಭಕ್ತನು ಪಕ್ಷಪಾತ ಮಾಡದಿರುವುದೇ ಕ್ಷೇಮವೆಂದು ಪ್ರಬಂಧಕಾರನ ಮತ.

ಇನ್ನು ವೈದ್ಯಾನ್ವೇಷಣೆ. ಕುಂದಾಪುರಕ್ಕೆ ಹೋಗಿ ಬೋರ್ಡು ಓದುತ್ತ ನಡೆದರೆ ಹಲ್ಲು, ಮೂಳೆ, ಚರ್ಮ, ಮೂಲವ್ಯಾಧಿ ಎಲ್ಲಕ್ಕೂ ವೈದ್ಯರು ಸಿಕ್ಕಾರು; ದೇಹದ ತುತ್ತತುದಿಯ ನೋವಿಗೆ ಮಾತ್ರ ಬೋರ್ಡಿಲ್ಲ. ಆತ ನ್ಯೂರಾಲಜಿಸ್ಟ್, ಅಂದರೆ ನರರೋಗತಜ್ಞ ಎಂಬ ಹೆಸರಿನಲ್ಲಿ ಅಡಗಿರುತ್ತಾನೆ. ಎಂಬಿಬಿಎಸ್, ಎಂಡಿ ಮುಗಿಸಿ, ಮತ್ತೆ ಮೂರು ವರ್ಷ ಡಿಎಂ ಓದಿದವನಾದ್ದರಿಂದ ದೊಡ್ಡ ಆಸ್ಪತ್ರೆಯಲ್ಲೇ ಸಿಗುವುದು. ನಮ್ಮ ಭಾಗದಲ್ಲಿ ಹಾಗೆಂದರೆ ಮಣಿಪಾಲ; 1953ರಲ್ಲಿ ಟಿ.ಎಂ.ಎ. ಪೈಗಳು ಅಲ್ಲಿ ಮೆಡಿಕಲ್ ಕಾಲೇಜು ತೆರೆದಂದಿನಿಂದ ಕರಾವಳಿಯ ಎಲ್ಲ ಕಾಯಿಲೆಗಳ ಕೊನೆಯ ಸ್ಟಾಪು.

ಅಲ್ಲಿ ಎಲ್ಲರಿಗೂ ಜಾಗವುಂಟೇ? ಬೆಂಗಳೂರು ಮತ್ತು ಸುತ್ತಮುತ್ತ 18ರಿಂದ 65 ವಯಸ್ಸಿನ 2,329 ಮಂದಿಯನ್ನು ವಿಚಾರಿಸಿದ ಸಮೀಕ್ಷೆಯಲ್ಲಿ, ಒಂದು ವರ್ಷದೊಳಗೆ ತಲೆನೋವು ಕಂಡವರು ಶೇ. 63.9, ಮೈಗ್ರೇನಿನವರು ಶೇ. 25.2. ಈ ಲೆಕ್ಕ ನಮಗೂ ಹೊಂದುವುದಾದರೆ 40 ಜನ ಕೂತ ಬಸ್ಸಿನಲ್ಲಿ ಹತ್ತು ಮಂದಿಗೆ ಮೈಗ್ರೇನು. ಇಷ್ಟೂ ಮಂದಿ ಮಣಿಪಾಲದಲ್ಲೇ ಇಳಿಯಲಾಗದು. ಹೆಚ್ಚಿನವರಿಗೆ ಊರಿನ ಡಾಕ್ಟರೇ ಸಾಕು, ಅವರು ಕೂರಿಸಿ ಕೇಳುವವರಾದರೆ. ನಿಮ್ಹಾನ್ಸ್ ಜೊತೆ ಸರಕಾರ 2022ರಲ್ಲಿ ಆರಂಭಿಸಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯ ಹಿಂದಿರುವ ತರ್ಕವೂ ಇದೇ.

ಪೂರ್ವಪಕ್ಷ: ಮಣಿಪಾಲದ ನರರೋಗತಜ್ಞರು ಯಾವ ಪಕ್ಕ, ಎಷ್ಟು ಹೊತ್ತು, ವಾಂತಿಯುಂಟೋ, ಬೆಳಕು ಆಗುವುದಿಲ್ಲವೋ, ತಾಯಿಮನೆಯಲ್ಲಿ ಯಾರಿಗಿದೆ, ಮಾತ್ರೆ ಎಷ್ಟು ಎಂದೆಲ್ಲ ಕೇಳಿದರು. ಕಣ್ಣಿಗೆ ಟಾರ್ಚು ಬಿಟ್ಟರು, ಮೊಣಕಾಲಿಗೆ ಸುತ್ತಿಗೆಯಲ್ಲಿ ಕುಟ್ಟಿದರು. ಸ್ಕ್ಯಾನಿಂಗ್ ಮಾತ್ರ ಬರೆಯಲಿಲ್ಲ. ಇವರನ್ನು ಡಾಕ್ಟರೆನ್ನಬಹುದೇ?

ಸಿದ್ಧಾಂತ: ಎನ್ನಬಹುದು. ಮೈಗ್ರೇನು ಸ್ಕ್ಯಾನಿನಲ್ಲಿ ಕಾಣುವುದಿಲ್ಲ. ಚಿಕಿತ್ಸೆಯಿಲ್ಲದೆ 4ರಿಂದ 72 ತಾಸು ಇರುವ, ಕನಿಷ್ಠ ಐದು ಸಲ ಮರುಕಳಿಸಿದ ನೋವಿನ ಕಥೆಯಲ್ಲಿ ಕಾಣುತ್ತದೆ. ಅಪವಾದಗಳಿಗೆ ಮೀಮಾಂಸೆಯ ಸಲುಗೆ ಬೇಡ. ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಕೈಕಾಲಿನ ಸೋಲು, ಮಾತು ತೊದಲುವುದು ಕಂಡರೆ ಪ್ರಬಂಧ ಮುಚ್ಚಿಟ್ಟು ಆಂಬ್ಯುಲೆನ್ಸಿಗೆ ಫೋನು ಮಾಡಬೇಕು. 50 ದಾಟಿದ ಮೇಲೆ ಹೊಸದಾಗಿ ಶುರುವಾದ ತಲೆನೋವನ್ನೂ ತಡಮಾಡದೆ ತೋರಿಸಬೇಕು.

ಲೌಕಿಕ ತೊಡಕೊಂದು ಉಳಿಯುತ್ತದೆ. ಸ್ಕ್ಯಾನಿಂಗಿನ ಫಿಲ್ಮು ತಂದವನು ಅದನ್ನು ಟ್ಯೂಬ್‌ಲೈಟಿಗೆ ಹಿಡಿದು ನೆಂಟರಿಗೆಲ್ಲ ತೋರಿಸಿ ಮರ್ಯಾದೆ ಪಡೆಯುತ್ತಾನೆ. ಈ ತಜ್ಞರು ಕೊಟ್ಟಿದ್ದು, ನೋವು ಬಂದ ದಿನ, ಹೊತ್ತು, ನುಂಗಿದ ಮಾತ್ರೆ ಬರೆದಿಡಲು ಒಂದು ಪಟ್ಟಿ. “ಮಣಿಪಾಲ್ಕ್ ಹೋಯಿ ಬರೀ ಒಂದ್ ಪಟ್ಟಿ ತಂದ್ರ್ಯಾ?” ಎಂದು ಹತ್ತು ಜನರೆದುರು ನಕ್ಕವರು, ಕತ್ತಲಾದ ಮೇಲೆ ಒಬ್ಬರೇ ಬಂದು ಹಣೆಯೊತ್ತಿಕೊಳ್ಳುತ್ತ, ಆ ಡಾಕ್ಟ್ರು ಯಾವ ವಾರ ಕೂತ್ಕೊಳ್ಳುವುದು ಎಂದು ವಿಚಾರಿಸುತ್ತಾರೆ.