ಗೌಜಲಹಕ್ಕಿಯ ಬಾಣಂತನ

ಕನ್ನಡ ನನ್ನನ್ನು ಮೊದಲೇ ಎಚ್ಚರಿಸಿತ್ತು. ಗೌಜಲಹಕ್ಕಿ ಎಂಬ ಹೆಸರಿನಲ್ಲೇ ಗೌಜು ಇದೆ. ಆದರೆ ನಮ್ಮ ಬೀದರದಲ್ಲಿ ಅದನ್ನು ಹಾಗೆ ಕರೆಯುವವರು ಸಿಗುವುದು ಕಷ್ಟ. ಇಲ್ಲಿ ಅದು ಬಟೇರ್. ಬಟೇರ್ ಎಂದಾಗ ಕಿವಿಗೆ ಗೌಜು ಕೇಳಿಸುವುದಿಲ್ಲ, ನಾಲಿಗೆಗೆ ಮಸಾಲೆಯಷ್ಟೇ ತಾಗುತ್ತದೆ. ಹೀಗೆ ಉರ್ದು ಹೆಸರಿಗೆ ಮರುಳಾಗಿ ಐದು ಹೆಣ್ಣು, ಒಂದು ಗಂಡನ್ನು ಬಿಸ್ಕೀಟಿನ ರಟ್ಟಿನ ಡಬ್ಬಿಯಲ್ಲಿ ಕೂಡಿಸಿಕೊಂಡು ಒಂದು ಸಂಜೆ ಮನೆಗೆ ಬಂದೆ.

"ಅದೇನ್ರಿ, ಡಬ್ಬಿ ಒಳಗ ಕುಪ್ಪಳಿಸ್ಲತ್ತದ?" ಎಂದಳು ಮನೆಯಾಕೆ.

"ಉಳಿತಾಯ," ಎಂದೆ.

ಮೂವತ್ತು ವರ್ಷ ಲೆಕ್ಕಪತ್ರ ಬರೆದ ಕೈ ನನ್ನದು. ಕಾಗದ ತೆಗೆದು ವಿವರಿಸಿದೆ: ಜಪಾನಿ ಗೌಜಲಹಕ್ಕಿ ಆರೇಳು ವಾರಕ್ಕೇ ಮೊಟ್ಟೆಗೆ ಬರುತ್ತದೆ. ಚೆನ್ನಾಗಿ ಸಾಕಿದರೆ ಒಂದೊಂದು ವರ್ಷಕ್ಕೆ 250ರಿಂದ 280 ಮೊಟ್ಟೆ. ಐದು ಹಕ್ಕಿಗೆ ಸಾವಿರದ ನಾಲ್ಕು ನೂರು! ಆಕೆ ತಾಳ್ಮೆಯಿಂದ ಕೇಳಿ, ಒಂದು ಮೊಟ್ಟೆ ಎಷ್ಟು ತೂಕವೆಂದು ವಿಚಾರಿಸಿದಳು. ಹತ್ತು ಗ್ರಾಂ ಎಂದೆ. ಕೋಳಿಯದು? ಐವತ್ತರ ಮೇಲೆ ಎಂದೆ.

"ಹಂಗಾದ್ರ ಐದು ಹಕ್ಕಿ ಕೂಡಿ ಒಂದು ಕೋಳಿ ಆದಂಗಾಯ್ತು. ಒಂದು ಕೋಳೀನೇ ತರ್ಬೇಕಿತ್ತಲ್ರಿ, ಅಂಗಳದಾಗಾದ್ರೂ ಇರ್ತಿತ್ತು."

ನನ್ನ ಸೇವಾವಧಿಯಲ್ಲಿ ಯಾವ ಆಡಿಟರನೂ ಇಷ್ಟು ಬೇಗ ತಪ್ಪು ಹಿಡಿದದ್ದಿಲ್ಲ.

ಪಕ್ಕದ ಮನೆಯವರು ಇನ್ನೊಂದು ಹೆದರಿಕೆ ಹಾಕಿದರು: ಫಾರೆಸ್ಟಿನವರು ಹಿಡಿಯುತ್ತಾರೆ! ಹೊಲದಲ್ಲಿರುವ ಕಾಡು ಲಾವಕ್ಕಿ ಹಿಡಿದರೆ ಹಿಡಿದೇ ಹಿಡಿಯುತ್ತಾರೆ, 1972ರ ವನ್ಯಜೀವಿ ಕಾಯ್ದೆ ಇರುವುದೇ ಅದಕ್ಕೆ. ಆದರೆ ಇದು 1974ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಿಂದ ಉತ್ತರ ಪ್ರದೇಶದ ಇಜ್ಜತ್‌ನಗರದ ಸಂಶೋಧನಾ ಕೇಂದ್ರಕ್ಕೆ ಬಂದ ಸಾಕುತಳಿ. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಇದಕ್ಕೂ ಹೊಸ ಪರವಾನಗಿ ನಿಲ್ಲಿಸಿ, ಮುಂದೆ ಬಿಗಿ ಸಡಿಲಿಸಿತು. ಹೆಸರು ಜಪಾನಿನದು, ಬಂದದ್ದು ಅಮೆರಿಕದಿಂದ, ಕರೆಯುವುದು ಉರ್ದುವಿನಲ್ಲಿ. ಇಂಥ ಹಕ್ಕಿ ಬೀದರದಲ್ಲಲ್ಲದೆ ಮತ್ತೆಲ್ಲಿ ಹೊಂದಿಕೊಂಡೀತು?

ಮನೆಯಾಕೆಯನ್ನು ಒಲಿಸಲು ಇತಿಹಾಸದ ಮೊರೆ ಹೊಕ್ಕೆ. 12ನೇ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ ತನ್ನ 'ಮಾನಸೋಲ್ಲಾಸ'ದಲ್ಲಿ ಅರಸರ ವಿನೋದಗಳನ್ನು ಹೇಳುವಾಗ ಕೋಳಿ ಕಾಳಗದ ಜೊತೆಗೆ ಲಾವಕ್ಕಿ ಕಾಳಗಕ್ಕೂ ಜಾಗ ಕೊಟ್ಟಿದ್ದಾನೆ. ಆ ಕಲ್ಯಾಣವೇ ನಮ್ಮ ಬಸವಕಲ್ಯಾಣ. ಆಕೆಯ ತವರು ಭಾಲ್ಕಿಯ ನೆರೆ ತಾಲೂಕು. ಅಂದರೆ ನಾನು ಮಾಡುತ್ತಿರುವುದು ಜಿಲ್ಲೆಯ ಹಳೆಯ ಸಂಪ್ರದಾಯದ ಮುಂದುವರಿಕೆ ಎಂದೆ.

"ಆ ರಾಜನ ಹೇಂತಿಗಿ ಕಸ ಹೊಡಿಯೋದು ಇರಲಿಲ್ಲ," ಎಂದು ಆಕೆ ಪೊರಕೆ ನನ್ನ ಕೈಗಿತ್ತಳು.

ಪಂಜರಕ್ಕೆ ಖರ್ಚಿಲ್ಲದ ಉಪಾಯ ಹೊಳೆಯಿತು. ಮೋಟಾರು ಸುಟ್ಟ ಹಳೆಯ ಕೂಲರ್ ಮಾಳಿಗೆಯ ಮೇಲಿತ್ತು. ತಗಡಿನ ಮೈ, ಮೂರು ಕಡೆ ಗಾಳಿಕಿಂಡಿ. ಜಾಳಿಗೆ ಬಡಿದು ಪಡಸಾಲೆಯಲ್ಲಿ ಟೀವಿಯ ಪಕ್ಕ ಇಟ್ಟೆ. ಆದರೆ ಬಟೇರ್ ಬೆದರಿದರೆ ಓಡುವುದಿಲ್ಲ, ಬಾಣದ ಹಾಗೆ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಪಂಜರದ ಮಾಡು ಒಂದಡಿಯಷ್ಟು ತಗ್ಗಿದ್ದರೆ ಅದಕ್ಕೆ ವೇಗ ಸಿಗುವುದಿಲ್ಲ. ನಮ್ಮ ಕೂಲರು ಮೂರಡಿ. ತಲೆ ಒಡೆದುಕೊಳ್ಳಲು ಅಳತೆ ಕೊಟ್ಟು ಮಾಡಿಸಿದಂತಿತ್ತು. ಬೆದರಲು ಕಾರಣವೋ ಬೇಕಾದಷ್ಟು: ಬೀದರದಲ್ಲಿ ವಾಯುಪಡೆಯ ತರಬೇತಿ ನೆಲೆ ಇದೆ, ಸೂರ್ಯಕಿರಣ ತಂಡದ ಮನೆಯೂ ಇದೇ. ಮೇಲೆ ಹಾಕ್ ವಿಮಾನ ಗುಡುಗಿದಾಗಲೆಲ್ಲ ಕೆಳಗೆ ನಮ್ಮ ತಂಡ ಏಕಕಾಲಕ್ಕೆ ಮೇಲೇರಿ, ತಗಡಿಗೆ ಢಣ್ ಎಂದು ಬಡಿದು, ಏಕಕಾಲಕ್ಕೆ ಕೆಳಗಿಳಿಯುತ್ತಿತ್ತು. ಕೊನೆಗೆ ಮನೆಯಾಕೆಯ ಹಳೆಯ ಹತ್ತಿ ಸೀರೆಯೊಂದನ್ನು ಒಳಗೆ ತಗ್ಗಾಗಿ ಮೇಲ್ಕಟ್ಟಿನಂತೆ ಬಿಗಿದೆ. ಕೇಳಿ ತೆಗೆದುಕೊಂಡದ್ದಲ್ಲವೆಂಬುದು ಎರಡು ದಿನ ಬಿಟ್ಟು ಬೆಳಕಿಗೆ ಬಂತು.

ಬಟೇರಿಗೆ ನೀರಿನ ಸ್ನಾನ ಬೇಡ, ಮಣ್ಣಿನ ಸ್ನಾನ ಬೇಕು. ನಮ್ಮೂರಲ್ಲಿ ಕೆಮ್ಮಣ್ಣಿಗೇನು ಬರ? ಒಂದು ಪರಾತದಲ್ಲಿ ಇಟ್ಟೆ. ಹಕ್ಕಿಗಳು ಅದರಲ್ಲಿ ಮಲಗಿ, ಹೊರಳಿ, ರೆಕ್ಕೆ ಕೊಡವಿ ಇಡೀ ಪಡಸಾಲೆಗೆ ಕುಂಕುಮ ಎರಚಿದವು. ಬಿದರಿ ಕೆಲಸದವರು ಕೋಟೆಯ ಮಣ್ಣು ಬಳಸಿ ಹೂಜಿಯನ್ನು ಕಪ್ಪಗೆ ಮಾಡುತ್ತಾರೆ. ಬಯಲಿನ ಮಣ್ಣಿನಿಂದಲೇ ಮನೆಯಾಕೆಯ ಮುಖವನ್ನು ಅದೇ ಬಣ್ಣಕ್ಕೆ ತಂದ ಕೀರ್ತಿ ನನ್ನದು.

ಗಂಡಿನ ಪುರಾಣ ಬೇರೆ. ಎದೆ ಇಟ್ಟಿಗೆ ಬಣ್ಣ, ತೂಕ ಹೆಣ್ಣಿಗಿಂತ ಕಡಿಮೆ, ದನಿ ಮಾತ್ರ ಮನೆಯ ಯಜಮಾನನದು. ಬೆಳಗಿನ ನಾಲ್ಕಕ್ಕೆ ಕೆರಕಲು ಕಂಠದಲ್ಲಿ ಶುರು. ಒಂದು ದಿನ ಅದರ ಹಿಂಭಾಗದಲ್ಲಿ ಬಿಳಿ ನೊರೆ ಕಂಡು ಎದೆ ಧಸಕ್ಕೆಂದಿತು. ಪಶುವೈದ್ಯಕೀಯ ವಿಶ್ವವಿದ್ಯಾಲಯ ಇಲ್ಲಿನ ನಂದಿನಗರದಲ್ಲೇ ಇರುವುದರಿಂದ ಬಾಡಿಗೆಗೆ ಪಶುವೈದ್ಯರಾಗುವ ಹುಡುಗರು ಸಿಗುವುದು ನಮ್ಮೂರಿನ ಭಾಗ್ಯ. ನಮ್ಮ ಮೇಲಿನ ಖೋಲಿಯ ಮಂಡ್ಯ ಕಡೆಯ ಹುಡುಗನನ್ನು ಎಬ್ಬಿಸಿದೆ. ಆತ ಕಣ್ಣುಜ್ಜುತ್ತ ನೋಡಿ, "ಕಾಯಿಲೆ ಅಲ್ಲ ಅಂಕಲ್, ಗಂಡಸ್ತನ. ಗಂಡಿಗೆ ಅಲ್ಲೊಂದು ನೊರೆ ಗ್ರಂಥಿ ಇರುತ್ತೆ, ಅಷ್ಟೇ" ಎಂದು ಮತ್ತೆ ಹೋಗಿ ಮಲಗಿದ.

ಇಷ್ಟರಲ್ಲಿ ಭಾಲ್ಕಿಯಿಂದ ಅತ್ತೆ ಬಂದರು, ಮೊಳಕಾಲು ನೋವಿಗೆ ಬೀದರದ ದವಾಖಾನೆಯಲ್ಲಿ ತೋರಿಸಲು. ನಾನು ಬಸ್ ಸ್ಟ್ಯಾಂಡಿನ ಬಂಡಿಯಲ್ಲಿ ಆಮ್ಲೆಟ್ ತಿಂದು, ಪಾನ್ ಹಾಕಿಕೊಂಡು ಮನೆಗೆ ಬರುವವನು. ಅತ್ತೆ ತತ್ತಿ ಎಂಬ ಮಾತು ಆಡಿದರೂ ಬಾಯಿ ಮುಕ್ಕಳಿಸುವವರು. ಅವರು ಹೆಮ್ಮೆಯಿಂದ ಹೇಳುವ ಕಥೆ ಒಂದಿದೆ: ನಿಜಾಮರ ಕಾಲದಲ್ಲಿ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದು. ನಾನೂ ಆ ಉಪಾಯವನ್ನೇ ಹಿಡಿದೆ. ಹೊರಗೆ 'ಶೋಕಿಗೆ ಸಾಕಿದ ಹಕ್ಕಿ' ಎಂಬ ಬೋರ್ಡು, ಒಳಗೆ ತತ್ತಿಯ ಕಾರಖಾನೆ. ಅವರದು ನುಡಿಗಾಗಿ, ನನ್ನದು ನಾಲಿಗೆಗಾಗಿ; ಅಂತೆಯೇ ಅವರ ಗುಟ್ಟು ನಿಂತಿತು, ನನ್ನದು ಮೂರೇ ದಿನಕ್ಕೆ ರಟ್ಟಾಯಿತು.

ಕೋಳಿಯ ಹಾಗೆ ಬೆಳಿಗ್ಗೆ ಇಟ್ಟಿದ್ದರೆ ನಾನೇ ಎತ್ತಿಡುತ್ತಿದ್ದೆ. ಬಟೇರ್ ಹೆಚ್ಚಾಗಿ ಇಡುವುದು ಇಳಿಹೊತ್ತಿಗೆ. ಅತ್ತೆ ದೀಪ ಹಚ್ಚಲು ಎದ್ದ ಹೊತ್ತಿಗೆ ಸರಿಯಾಗಿ ಒಂದು ಮೊಟ್ಟೆ ಜಾಳಿಗೆಯ ಕೆಳಗಿನಿಂದ ಉರುಳಿ ಅವರ ಪಾದದ ಬಳಿ ನಿಂತಿತು. ಮಸಿ ಚೆಲ್ಲಿದ ಹಾಗೆ ಕಂದು ಕಲೆಗಳು, ಹೆಬ್ಬೆರಳಿನ ತುದಿಯಷ್ಟು ಗಾತ್ರ.

"ಶಿವಶಿವಾ! ಇದು ತತ್ತಿ ಇಟ್ಟದಲ್ಲಾ!" ನಾನು ಬೈಗುಳಕ್ಕೆ ಬೆನ್ನು ಬಾಗಿಸಿದೆ. ಅತ್ತೆಯ ಸಿಟ್ಟು ಮಾತ್ರ ನನ್ನ ಮೇಲಲ್ಲ, ಹಕ್ಕಿಯ ಮೇಲೆ ಹೋಯಿತು. "ಇಟ್ಟು ತಿರುಗಿ ಸುದ್ದಾ ನೋಡ್ಲಾಕ ತಯಾರಿಲ್ಲ. ಎಂಥಾ ತಾಯಿನ್ರಿ ಇದು?"

ಮಂಡ್ಯದ ಹುಡುಗ ವಿವರಿಸಿದ. ಮೊಟ್ಟೆ ಹೆಚ್ಚಲಿ ಎಂದು ಮನುಷ್ಯ ತಲೆಮಾರುಗಟ್ಟಲೆ ಆರಿಸಿ ಆರಿಸಿ ಬೆಳೆಸಿದ್ದಾನೆ. ಕಾವಿಗೆ ಕೂತ ಹಕ್ಕಿ ಮೊಟ್ಟೆ ನಿಲ್ಲಿಸುತ್ತದೆ. ಹಾಗಾಗಿ ಕೂಡುವುದನ್ನೇ ಈ ತಳಿ ಹೆಚ್ಚುಕಡಿಮೆ ಮರೆತುಬಿಟ್ಟಿದೆ.

"ಹಂಗಾದ್ರ ಕೂಡೋರು ಯಾರು?" ಎಂದರು ಅತ್ತೆ.

ಔರಾದ ಕಡೆಯ ನಮ್ಮ ಹೊಲ ನೆನಪಾಯಿತು. ತೊಗರಿ ಸಾಲಿನಲ್ಲಿ ದೇವಣಿ ಎತ್ತು ಕಟ್ಟಿ ಅಪ್ಪ ಎಡೆ ಹೊಡೆಯುವಾಗ ಕಾಲ ಬುಡದಿಂದಲೇ ಬುರ್ರೆಂದು ಲಾವಕ್ಕಿ ಏಳುತ್ತಿತ್ತು. ಬಗ್ಗಿ ನೋಡಿದರೆ ಹುಲ್ಲಿನ ತಗ್ಗಿನಲ್ಲಿ ನಾಲ್ಕೈದು ಮೊಟ್ಟೆ. ಅಪ್ಪ ಕುಂಟೆ ಎತ್ತಿ, ಆಚೆ ಎರಡು ಮಾರು ಬಿಟ್ಟು ಮತ್ತೆ ಊರುತ್ತಿದ್ದ. "ಬಾಣಂತಿ ಖೋಲಿ ಅದ, ತುಳೀಬ್ಯಾಡ," ಎನ್ನುತ್ತಿದ್ದ. ಹಂಗಾಮು ಮುಗಿದರೂ ಆ ತುಂಡಿನಲ್ಲಿ ಕಳೆ ಹಾಗೇ ನಿಂತಿರುತ್ತಿತ್ತು. ಲೆಕ್ಕ ಬರೆಯಲು ಬಾರದ ಅಪ್ಪನಿಗೆ ಅದು ನಷ್ಟವೆಂದು ತೋಚಿರಲಿಲ್ಲ.

ಮರುದಿನವೇ ಥರ್ಮೊಕೋಲ್ ಡಬ್ಬಿ ಬಂತು, ನಲವತ್ತು ವ್ಯಾಟಿನ ಹಳೆಯ ಬಲ್ಬು ಬಂತು, ಶಾಖ ನೋಡಿ ತಾನೇ ಆರಿ ಹೊತ್ತುವ ಸಣ್ಣ ಯಂತ್ರವನ್ನು ಹುಡುಗ ತಂದ. ಮೂವತ್ತೇಳೂವರೆ ಡಿಗ್ರಿ, ಒಂದು ಬಟ್ಟಲು ನೀರು, ಹನ್ನೆರಡು ಮೊಟ್ಟೆ. ದಿನಕ್ಕೆ ಮೂರು ಬಾರಿಯಾದರೂ ಹೊರಳಿಸಬೇಕೆಂದ. ಎರಡು ಹೊತ್ತಿನ ಲಿಂಗಪೂಜೆಯ ಅತ್ತೆಗೆ ಮೂರನೆಯದೇನು ಭಾರ? ಕೈತೊಳೆದು ಹೊರಳಿಸುವುದು, ಹೊರಳಿಸಿ ಕೈತೊಳೆಯುವುದು. ತತ್ತಿ ತಿನ್ನುವುದು ಪಾಪ, ಕಾಯುವುದಕ್ಕೇನು ಎಂಬುದು ಅವರೇ ಕೊಟ್ಟುಕೊಂಡ ತೀರ್ಪು.

ಹುಡುಗ ಧೈರ್ಯ ಹೇಳಿದ: 1990ರ ಮಾರ್ಚ್ 22ರಂದು ಸೋವಿಯತ್ತಿನವರ ಮೀರ್ ನಿಲ್ದಾಣದಲ್ಲಿ, ಬಾಹ್ಯಾಕಾಶದಲ್ಲಿ, ಮೊಟ್ಟಮೊದಲು ಮೊಟ್ಟೆಯೊಡೆದು ಬಂದದ್ದು ಇದೇ ಹಕ್ಕಿಯ ಮರಿ, ಬೀದರದಲ್ಲಿ ಬಾರದೇ?

"ಅಲ್ಲಿ ಕರೆಂಟ್ ಹೋಗಂಗಿಲ್ಲಲ್ಲಪ್ಪಾ," ಎಂದರು ಅತ್ತೆ.

ಹನ್ನೊಂದನೇ ರಾತ್ರಿ ಕರೆಂಟ್ ಹೋಗಿಯೇ ಹೋಯಿತು. ನಾನು ಟಾರ್ಚು ಹುಡುಕುವಷ್ಟರಲ್ಲಿ ಅತ್ತೆ ತಮ್ಮ ಮೊಳಕಾಲಿಗೆ ಕಟ್ಟಿಕೊಂಡಿದ್ದ ಬಿಸಿನೀರಿನ ರಬ್ಬರ್ ಚೀಲ ಬಿಚ್ಚಿ ಡಬ್ಬಿಯೊಳಗೆ ಸೇರಿಸಿದ್ದರು. ಎರಡು ತಾಸು ಕತ್ತಲಲ್ಲಿ ಡಬ್ಬಿಯ ಮುಚ್ಚಳದ ಮೇಲೆ ಕೈಯಿಟ್ಟು ಕೂತಿದ್ದರು. ಅವರ ಪ್ರಶ್ನೆಗೆ ಉತ್ತರ ಅವರೇ ಆಗಿದ್ದರು.

ಹದಿನೇಳನೇ ದಿನ ಮೊಟ್ಟೆಗಳು ಚಿಪ್ಪಿನೊಳಗಿನಿಂದ ಮಾತಾಡಿದವು. ಮರುದಿನ ಏಳು ಮರಿ. ಒಂದೊಂದೂ ದೊಡ್ಡ ದುಂಬಿಯಷ್ಟು. ಕುಡಿಯುವ ತಟ್ಟೆಯಲ್ಲೇ ಮುಳುಗಿ ಸಾಯುವಷ್ಟು ಚಿಕ್ಕವಾದ್ದರಿಂದ ಮಗನ ಹಳೆಯ ಗೋಲಿಗಳನ್ನು ನೀರಲ್ಲಿ ಹರಡಿದೆವು. ಅತ್ತೆ ಭಾಲ್ಕಿಗೆ ಹೋಗುವ ದಿನ ಮೊಳಕಾಲಿನ ಸುದ್ದಿಯೇ ಎತ್ತಲಿಲ್ಲ. ಈಗ ದಿನಾ ಸಂಜೆ ಫೋನು. ಮಗಳು ಉಂಡಳೇ ಎಂದು ಕೇಳುವುದಿಲ್ಲ.

ಈಗ ಮನೆಯಲ್ಲಿ ಹದಿಮೂರು ಬಟೇರುಗಳಿವೆ. ತತ್ತಿಯನ್ನು ಬಾಣಲೆಗೆ ಒಡೆಯುವ ಧೈರ್ಯ ಯಾರಿಗೂ ಇಲ್ಲ. ಮೇಲಿನ ಹುಡುಗ ಒಯ್ದದ್ದು ಏನಾಯಿತೆಂದು ನಾವು ಕೇಳುವುದಿಲ್ಲ. ಗಾಂಧಿ ಗಂಜಿನಿಂದ ಕಾಳು ತಂದ ಚೀಟಿಗಳು ಖರ್ಚಿನ ಕಲಂ ತುಂಬಿವೆ. ಜಮಾ ಕಲಂ ಅಪ್ಪ ಕುಂಟೆ ಎತ್ತಿ ಬಿಟ್ಟ ತುಂಡಿನ ಹಾಗೆ ಖಾಲಿ ಇದೆ.

ಮೊನ್ನೆ ಬಸ್ ಸ್ಟ್ಯಾಂಡಿನ ಬಂಡಿಗೆ ಹೋದೆ. ಬಂಡಿಯವನು ರೂಢಿಯಂತೆ, "ಡಬಲ್ ಏನ್ರಿ ಸಾಹೇಬ್ರ?" ಎಂದ. ಹ್ಞೂಂ ಎಂದೆ. ಆತ ಮೊಟ್ಟೆಯನ್ನು ತವೆಯ ಅಂಚಿಗೆ ಕುಟ್ಟುವ ಮೊದಲು ತಡೆದು, "ಇದು ಕೋಳೀದೇ ಹೌದಲ್ಲೋ?" ಎಂದು ಕೇಳಿದೆ. ಹೌದೆಂದ ಮೇಲೂ, ಆತ ಒಡೆಯುವಾಗ ಭಾಲ್ಕಿ ಬಸ್ಸಿನ ಬೋರ್ಡು ಓದುವವನಂತೆ ಆ ಕಡೆ ಮುಖ ತಿರುಗಿಸಿ ನಿಂತೆ.