ಎಲ್ಡರ್ ಸ್ಕ್ರೋಲ್ಸ್ ಆರನೆಯ ಭಾಗದ ನಿರೀಕ್ಷಾಶಾಸ್ತ್ರ: ರಾಣೆಬೆನ್ನೂರು ಶಾಖೆ

ನಿರೀಕ್ಷಾಶಾಸ್ತ್ರವೆಂದರೆ ಇನ್ನೂ ಬಾರದ ವಿಡಿಯೋ ಗೇಮಿನ ಗುಣದೋಷಗಳನ್ನು ಅದು ಬರುವ ಮೊದಲೇ ತೀರ್ಮಾನಿಸುವ ವಿದ್ಯೆ. ಆಟ ಬಂದ ಮೇಲೆ ಮಾಡುವುದು ವಿಮರ್ಶೆ. ಅದಕ್ಕೆ ಆಟವನ್ನು ಆಡಿರಬೇಕಾಗುತ್ತದೆ, ಆದ್ದರಿಂದ ಅದು ಕೆಳದರ್ಜೆಯದು. ನಿರೀಕ್ಷಾಶಾಸ್ತ್ರಕ್ಕೆ ಅಂಥ ಆಧಾರದ ಹಂಗಿಲ್ಲ. ಇದರ ಪೀಠಗಳೆಲ್ಲ ಅಮೆರಿಕದಲ್ಲೂ ಯುರೋಪಿನಲ್ಲೂ ಇವೆ ಎಂಬ ತಿಳಿವಳಿಕೆ ಬಳಕೆಯಲ್ಲಿದೆ. ಹಾವೇರಿ ಜಿಲ್ಲೆಯ ರಾಣೆಬೆನ್ನೂರು ಶಾಖೆಯನ್ನು ಯಾರೂ ಗಣನೆಗೆ ತೆಗೆದುಕೊಂಡಿಲ್ಲ. ಪಿ.ಬಿ. ರಸ್ತೆಯ ಚಹಾದಂಗಡಿಗಳಲ್ಲಿ ಗಿರಮಿಟ್ ತಟ್ಟೆಯ ಸುತ್ತ ನಡೆಯುವ ಈ ಶಾಖೆಯ ಗೋಷ್ಠಿಗಳಿಗೆ ನಡಾವಳಿ ಬರೆದಿಡುವ ರೂಢಿ ಇಲ್ಲದಿರುವುದೇ ಅದಕ್ಕೆ ಕಾರಣವಿರಬೇಕು.

ಶಾಖೆಯ ಅಧ್ಯಯನ ವಿಷಯ ‘ದಿ ಎಲ್ಡರ್ ಸ್ಕ್ರೋಲ್ಸ್’ ಮಾಲೆಯ ಆರನೆಯ ಭಾಗ. ಇದು ಪಾತ್ರ ವಹಿಸಿ ಆಡುವ ಆಟ. ಆಡುವವನು ಕುಲ, ಹೆಸರು, ಮುಖ, ಆಯುಧ ಎಲ್ಲವನ್ನೂ ತಾನೇ ಆರಿಸಿಕೊಂಡು ವೇಷ ಕಟ್ಟುತ್ತಾನೆ. ಲೋಕ ಉಳಿಸುವ ಕೆಲಸ ಒಪ್ಪಿಕೊಂಡು ಹೊರಟವನು ದಾರಿಯಲ್ಲಿ ಸಿಕ್ಕವರ ಕಳೆದುಹೋದ ಉಂಗುರ ಹುಡುಕಿಕೊಡುತ್ತ ಮೂರು ತಿಂಗಳು ಕಳೆಯುತ್ತಾನೆ. ದೊಡ್ಡಾಟದ ವೇಷಧಾರಿ ಬೆಳಗಾದ ಮೇಲೆ ಬಣ್ಣ ಒರೆಸಿಕೊಂಡು ಹೊಲಕ್ಕೆ ಹೋಗಲೇಬೇಕಿತ್ತು. ಇಲ್ಲಿ ಆ ಕಟ್ಟುಪಾಡೂ ಇಲ್ಲ. ಮಾಲೆ 1994ರಲ್ಲಿ ‘ಅರೀನಾ’ದಿಂದ ಶುರುವಾಯಿತು. 1996ರಲ್ಲಿ ‘ಡ್ಯಾಗರ್‌ಫಾಲ್’, 2002ರಲ್ಲಿ ‘ಮಾರೋವಿಂಡ್’, 2006ರಲ್ಲಿ ‘ಆಬ್ಲಿವಿಯನ್’, 2011ರ ನವೆಂಬರ್ 11ರಂದು ‘ಸ್ಕೈರಿಮ್’ ಬಂದವು. 2014ರ ಆನ್‌ಲೈನ್ ಆಟವನ್ನು ಸಂಪ್ರದಾಯಸ್ಥರು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸ್ಕೈರಿಮ್ ಆದ ಮೇಲೆ ಬೆಥೆಸ್ಡಾ ಕಂಪನಿ ಅದೇ ಸ್ಕೈರಿಮನ್ನು 2016ರಲ್ಲಿ ವಿಶೇಷ ಆವೃತ್ತಿ ಎಂದು, 2017ರಲ್ಲಿ ನಿಂಟೆಂಡೊ ಸ್ವಿಚ್ ಯಂತ್ರಕ್ಕೆಂದು, 2021ರಲ್ಲಿ ಹತ್ತನೆಯ ವರ್ಷದ ಆವೃತ್ತಿ ಎಂದು ಮತ್ತೆ ಮತ್ತೆ ಮಾರಿತು. ಆರನೆಯ ಭಾಗವೆಂಬುದು ಈ ಮಾರಾಟಗಳ ನಡುವೆ ಹುಟ್ಟಿದ ಒಂದು ಹಂಬಲ.

ಹಂಬಲಕ್ಕೆ ಮೂಲಪಠ್ಯ ಒಂದೇ. 2018ರ ಜೂನ್ 10ರ ಸಂಜೆ ಲಾಸ್ ಏಂಜಲಿಸ್‌ನಲ್ಲಿ ಬೆಥೆಸ್ಡಾ ತೋರಿಸಿದ ಸುಮಾರು 36 ಸೆಕೆಂಡಿನ ಟೀಸರ್ ಚಿತ್ರ ಅದು. ಭಾರತದಲ್ಲಿ ಆಗ ಮರುದಿನದ ಬೆಳಗು. ರಾಣೆಬೆನ್ನೂರು ಸೀಮೆಯಲ್ಲಿ ಗೋವಿನಜೋಳ, ಹತ್ತಿ ಬಿತ್ತುವ ಹೊತ್ತು. ಕೂರಿಗೆ ಹೂಡಬೇಕಾದ ಮನೆಯ ಹುಡುಗರು ಆ ಬೆಳಗ್ಗೆ ಮೊಬೈಲಿನಲ್ಲಿ ಕಂಡದ್ದು ಇಷ್ಟು: ಮೋಡ, ಮೋಡದ ಕೆಳಗೆ ಬೋಳು ಗುಡ್ಡಗಳು, ಆಚೆ ನೀರಿನ ದಂಡೆ, ಆಮೇಲೆ ಆಟದ ಹೆಸರು. ಮನುಷ್ಯರಿಲ್ಲ, ಮಾತಿಲ್ಲ, ತಾರೀಖಿಲ್ಲ. ಇಷ್ಟು ಕಡಿಮೆ ಸಾಮಗ್ರಿಯಿಂದ ಇಷ್ಟು ದೊಡ್ಡ ವ್ಯಾಖ್ಯಾನ ಸಾಹಿತ್ಯ ಬೆಳೆದ ಉದಾಹರಣೆ ಬೇರೆ ಕಡೆ ಅಪರೂಪ. ರಾಣೆಬೆನ್ನೂರಿನಲ್ಲಿ ಮಾತ್ರ ಅಪರೂಪವಲ್ಲ. ಇಲ್ಲಿನವರಿಗೆ ಕಾರ್ಣಿಕದ ಅಭ್ಯಾಸವಿದೆ.

ತಾಲ್ಲೂಕಿನ ದೇವರಗುಡ್ಡದಲ್ಲಿ ಮಾಲತೇಶ ದೇವರ ಕಾರ್ಣಿಕ ದಸರೆಯ ಹೊತ್ತಿಗೆ ನಡೆಯುತ್ತದೆ. ತುಂಗಭದ್ರೆಯ ಆಚೆ ದಡದ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಇನ್ನೊಂದು. ಉಪವಾಸ ವ್ರತದಲ್ಲಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಲಕ್ಷಾಂತರ ಜನ ಗಪ್ಪಾಗುತ್ತಾರೆ. ಅವನು ಒಂದೇ ಒಂದು ವಾಕ್ಯ ನುಡಿದು ಮೇಲಿಂದ ಕೆಳಗೆ ಬೀಳುತ್ತಾನೆ, ನಿಂತವರು ಹಿಡಿದುಕೊಳ್ಳುತ್ತಾರೆ. ಅಲ್ಲಿಂದ ಮುಂದೆ ವಾಕ್ಯ ಜನರದ್ದು. ಮಳೆ ಹೇಗೆ, ಬೆಳೆ ಹೇಗೆ, ಸರ್ಕಾರ ಉಳಿಯುತ್ತದೆಯೋ ಬೀಳುತ್ತದೆಯೋ ಎಂಬುದನ್ನೆಲ್ಲ ಆ ನಾಲ್ಕೈದು ಪದಗಳಿಂದ ತೆಗೆಯುತ್ತಾರೆ. ರೈತ ಕೇಳಿದ್ದನ್ನು ದಲಾಲಿ ಬೇರೆ ರೀತಿ ಕೇಳಿರುತ್ತಾನೆ, ರಾಜಕಾರಣಿ ಕೇಳಿದ್ದು ಇಬ್ಬರಿಗೂ ಕೇಳಿರುವುದಿಲ್ಲ.

ಈ ವಿಧಾನವನ್ನು 36 ಸೆಕೆಂಡುಗಳಿಗೆ ಅನ್ವಯಿಸಿದ್ದೇ ರಾಣೆಬೆನ್ನೂರು ಶಾಖೆಯ ಹೆಗ್ಗಳಿಕೆ. ಚಿತ್ರವನ್ನು ತಡೆದು ತಡೆದು ನೋಡಿದಾಗ ದಂಡೆಯಲ್ಲಿ ಕಟ್ಟಡದಂಥದ್ದೊಂದು ಕಾಣುತ್ತದೆ. ಅದು ಕೋಟೆಯೋ, ಬಂಡೆಯೋ, ಮೊಬೈಲ್ ಗಾಜಿನ ಬಿರುಕೋ ಎಂಬ ಚರ್ಚೆಯಿಂದ ‘ಮುಂದಿನ ಆಟ ನಡೆಯುವುದು ಹ್ಯಾಮರ್‌ಫೆಲ್ ದೇಶದಲ್ಲಿ’ ಎಂಬ ಸಿದ್ಧಾಂತಕ್ಕೆ ದಾರಿಯಾಯಿತು. ಹ್ಯಾಮರ್‌ಫೆಲ್ ಎಂಬುದು ಆ ಕಲ್ಪಿತ ಲೋಕದ ಮರುಭೂಮಿ ಸೀಮೆ. ಪಕ್ಕದ ಹೈರಾಕ್ ಎನ್ನುವವರೂ ಇದ್ದಾರೆ. ಅವರ ಪುರಾವೆಯೂ ಅದೇ ಗುಡ್ಡ, ಅದೇ ದಂಡೆ. 2020ರ ಕೊನೆಯ ದಿನ ಕಂಪನಿಯು ಹಳೆಯ ನಕ್ಷೆಯೊಂದರ ಮೇಲೆ ಮೇಣದಬತ್ತಿ ಇಟ್ಟ ಚಿತ್ರದೊಂದಿಗೆ ಹೊಸ ವರ್ಷದ ಶುಭಾಶಯ ಹೇಳಿತು. ಮೇಣದಬತ್ತಿ ಯಾವ ಸೀಮೆಯ ಮೇಲಿದೆ ಎಂಬುದರ ಮೇಲೆ ಹ್ಯಾಮರ್‌ಫೆಲ್ ಪಕ್ಷ ಮತ್ತಷ್ಟು ಬಲವಾಯಿತು. ಕರೆಂಟ್ ಹೋದಾಗ ಮೇಣದಬತ್ತಿಯನ್ನು ಕೈಗೆ ಸಿಕ್ಕ ಕಡೆ ಇಡುವ ಊರಿನಲ್ಲಿ ಈ ಪುರಾವೆಗೆ ಪೂರ್ತಿ ಮಾನ್ಯತೆ ಸಿಕ್ಕಿಲ್ಲ.

ಅಭಿಮಾನಿಗಳಲ್ಲಿ ಮೂರು ದರ್ಶನಗಳಿವೆ. ‘ಬಂದ ಬರ್ತೈತಿ ನೋಡಲೇ’ ಎನ್ನುವವರು ಆಗಮವಾದಿಗಳು. ‘ಬರಂಗಿಲ್ಲ ಬಿಡೋ’ ಎನ್ನುವವರು ಅನಾಗಮವಾದಿಗಳು. ‘ಬಂದ್ರೂ ನಿನ್ನ ಸಿಸ್ಟಮ್‌ದಾಗ ಓಡಂಗಿಲ್ಲ’ ಎನ್ನುವವರು ಅಚಲವಾದಿಗಳು. ಮೊದಲೆರಡು ದರ್ಶನಗಳು ಎಲ್ಲ ದೇಶಗಳಲ್ಲೂ ಸಿಗುತ್ತವೆ. ಮೂರನೆಯದು ಈ ನೆಲದ್ದೇ, ತರ್ಕದಲ್ಲಿ ಉಳಿದೆರಡಕ್ಕಿಂತ ಗಟ್ಟಿ. ಅದೇ ಕಂಪನಿಯ ‘ಸ್ಟಾರ್‌ಫೀಲ್ಡ್’ 2023ರ ಸೆಪ್ಟೆಂಬರಿನಲ್ಲಿ ಬಂದಾಗ ಕನಿಷ್ಠ ಅಗತ್ಯವೆಂದೇ 125 ಜಿಬಿ ಜಾಗವನ್ನೂ ಎಸ್‌ಎಸ್‌ಡಿಯನ್ನೂ ಕೇಳಿತ್ತು. ಅಚಲವಾದಿಗಳಿಗೆ ಅದಕ್ಕಿಂತ ದೊಡ್ಡ ಪ್ರಮಾಣ ಬೇಕಿರಲಿಲ್ಲ. ಅಣ್ಣನ ಡಿಪ್ಲೊಮಾಕ್ಕೆಂದು ತಂದ, ತಂಗಿಯ ಆನ್‌ಲೈನ್ ಕ್ಲಾಸಿನಲ್ಲಿ ಸವೆದ, ಫ್ಯಾನು ಕುಯ್ಯೋ ಎನ್ನುವ ಲ್ಯಾಪ್‌ಟಾಪು ಆರನೆಯ ಭಾಗವನ್ನು ತಾಳುವುದಿಲ್ಲ ಎಂಬುದಕ್ಕೆ ಟ್ರೇಲರ್ ಬೇಕಿಲ್ಲ. ಕೀಬೋರ್ಡಿನಲ್ಲಿ ಡಬ್ಲ್ಯೂ ಅಕ್ಷರ ಅಳಿಸಿಹೋಗಿರುವುದನ್ನು ಕಂಡರೆ ಸಾಕು; ಮುಂದೆ ನಡೆಯಲು ಒತ್ತುವ ಗುಂಡಿ ಅದೇ.

ಇಲ್ಲಿ ಅರ್ಥಶಾಸ್ತ್ರ ಪ್ರವೇಶಿಸುತ್ತದೆ. ಹೊಸ ಗ್ರಾಫಿಕ್ಸ್ ಕಾರ್ಡಿನ ಪ್ರಸ್ತಾಪ ಮನೆಯಲ್ಲಿ ಬರುವುದು ಬ್ಯಾಡಗಿ ಪೇಟೆ ನೋಡಿಕೊಂಡು. ಬ್ಯಾಡಗಿಯಲ್ಲಿ ಮೆಣಸಿನಕಾಯಿ ವಹಿವಾಟು ಸೋಮವಾರ, ಗುರುವಾರ. ಡಬ್ಬಿ, ಕಡ್ಡಿ ಎರಡೂ ತಳಿಗೆ ಖಾರ ಕಡಿಮೆ, ಬಣ್ಣ ಜಾಸ್ತಿ. 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿದೆ. ಅದೇ ವರ್ಷ ಸ್ಕೈರಿಮ್ ಬಂದದ್ದನ್ನು ಆಗಮವಾದಿಗಳು ಶುಭಸೂಚನೆ ಎಂದು ಬಗೆಯುತ್ತಾರೆ. ದರ ಬಿದ್ದ ಗುರುವಾರದ ಸಂಜೆ ಕಾರ್ಡಿನ ಮಾತು ಎತ್ತಬಾರದೆಂಬುದು ಶಾಖೆಯ ಅಲಿಖಿತ ನಿಯಮ. 2024ರ ಮಾರ್ಚ್ 11ರಂದು ದರ ಕುಸಿತಕ್ಕೆ ಸಿಟ್ಟಾದ ಬೆಳೆಗಾರರು ಬ್ಯಾಡಗಿ ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದರು. ಆ ಸಂಜೆ ಯಾವ ಮನೆಯಲ್ಲಾದರೂ ಯಾವ ಮಗನಾದರೂ ‘ಅಪ್ಪಾಜಿ, ಒಂದ್ ಕಾರ್ಡ್ ಬೇಕಾಗಿತ್ತು’ ಎಂದಿದ್ದರೆ ಅವನನ್ನು ಶಾಸ್ತ್ರಜ್ಞನೆನ್ನಲಾಗದು.

ಆಸೆಗಳನ್ನು ಬೇಗ ಮುಗಿಸಬಹುದು, ಏಕೆಂದರೆ ಎಲ್ಲರದ್ದೂ ಒಂದೇ. ನಕ್ಷೆ ದೊಡ್ಡದಿರಬೇಕು, ಆದರೆ ಖಾಲಿ ಇರಬಾರದು. ಸ್ಕೈರಿಮಿನಂತೆಯೇ ಇರಬೇಕು, ಆದರೆ ಅದೇ ಇರಬಾರದು. ಹತ್ತಾರು ಮಂದಿಗೆ ನಾಲ್ಕೇ ಗಂಟಲು ದನಿ ಕೊಟ್ಟಿರಬಾರದು. ಒಂದು ಆಸೆ ಮಾತ್ರ ವಿಶೇಷ: ಪರದೆಯ ಕೆಳಗೆ ಕನ್ನಡದ ಅಕ್ಷರಗಳು ಬರಲಿ ಎಂಬುದು. ಸ್ಕೈರಿಮಿನ ಡ್ರ್ಯಾಗನ್‌ಗಳಿಗಾಗಿ ಕಂಪನಿಯವರು ಒಂದು ಭಾಷೆ ಕಟ್ಟಿ, ಉಗುರಿನಿಂದ ಗೀರಿದಂಥ ಲಿಪಿಯನ್ನೂ ಕೊಟ್ಟರು. ಆಡುವವನು ಆ ಭಾಷೆಯ ಪದಗಳನ್ನು ಕಲಿತು ಕೂಗಿದರೆ ಎದುರಾಳಿ ಹಾರಿಹೋಗುತ್ತಾನೆ. ಹುಟ್ಟೇ ಇಲ್ಲದ ಪ್ರಾಣಿಗೆ ಸಿಕ್ಕ ಸೌಲಭ್ಯ ಕೋಟಿಗಟ್ಟಲೆ ಕನ್ನಡಿಗರಿಗೆ ಸಿಕ್ಕಿಲ್ಲ. 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ 2023ರ ಜನವರಿಯಲ್ಲಿ ಹಾವೇರಿಯಲ್ಲೇ ನಡೆಯಿತು. ಡ್ರ್ಯಾಗನ್ ಭಾಷೆಗೆ ಸರಿಸಮನಾದ ಸ್ಥಾನ ಕೇಳುವ ಠರಾವು ಮಂಡಿಸಲು ಇದಕ್ಕಿಂತ ತಕ್ಕ ವೇದಿಕೆ ಸಿಗುತ್ತಿರಲಿಲ್ಲ. ಶಾಖೆಯ ಸದಸ್ಯರು ಆ ಮೂರು ದಿನ ಊಟದ ಸಾಲಿನಲ್ಲಿದ್ದರೆಂದು ಊಹಿಸಬಹುದು.

ಆತಂಕಗಳ ಭಾಗ ಶ್ರೀಮಂತವಾದದ್ದು. ಮೊದಲನೆಯದು ಅರೆಬೆಂದ ಆಟದ ಭಯ. ಇದಕ್ಕೆ ಎಲ್ಲರೂ ಉದ್ಧರಿಸುವ ದೃಷ್ಟಾಂತ ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ ‘ಸೈಬರ್‌ಪಂಕ್ 2077’. 2012ರಲ್ಲಿ ಘೋಷಿಸಿದ ಆಟ ಅದು. 2020ರ ಡಿಸೆಂಬರ್ 10ರಂದು ಬಂತು. ಹಳೆಯ ಯಂತ್ರಗಳಲ್ಲಿ ಎಷ್ಟು ಕೆಟ್ಟದಾಗಿ ಓಡಿತೆಂದರೆ ಎಂಟೇ ದಿನದಲ್ಲಿ ಸೋನಿ ಅದನ್ನು ತನ್ನ ಪ್ಲೇಸ್ಟೇಷನ್ ಅಂಗಡಿಯಿಂದ ತೆಗೆದುಹಾಕಿತು. ಮತ್ತೆ ಒಳಗೆ ಬಿಟ್ಟದ್ದು 2021ರ ಜೂನಿನಲ್ಲಿ. ಅದೇ ಕಂಪನಿ 2024ರ ಡಿಸೆಂಬರಿನಲ್ಲಿ ‘ವಿಚರ್’ ಮಾಲೆಯ ನಾಲ್ಕನೆಯ ಭಾಗವನ್ನು ತೋರಿಸಿದಾಗ ಜಗಳ ಎದ್ದದ್ದು ಬಗ್‌ಗಳ ಬಗ್ಗೆ ಅಲ್ಲ. ಹಳೆಯ ನಾಯಕ ಗೆರಾಲ್ಟ್ ಇದ್ದಲ್ಲಿ ಈ ಸಲ ಅವನ ಸಾಕುಮಗಳಂಥ ಸಿರಿ ನಾಯಕಿ ಎಂಬುದರ ಬಗ್ಗೆ, ಅವಳ ಮುಖ ಮೊದಲಿನಂತಿಲ್ಲ ಎಂಬುದರ ಬಗ್ಗೆ. ಈ ಎರಡನೆಯ ಆಕ್ಷೇಪವನ್ನು ರಾಣೆಬೆನ್ನೂರಿನಲ್ಲಿ ಯಾರೂ ಗಂಭೀರವಾಗಿ ತೆಗೆದುಕೊಳ್ಳಲಿಲ್ಲ. ಹಿಂದಿನ ಭಾಗ ಬಂದು ಒಂಬತ್ತು ವರ್ಷವಾದ ಮೇಲೆ ಯಾರ ಮುಖ ಮೊದಲಿನಂತಿರುತ್ತದೆ?

ಎರಡನೆಯದು ಬಿಡಿಬಿಡಿಯಾಗಿ ದುಡ್ಡು ಕೀಳುವ ಭಯ. ಇದರ ಆದಿಪಾಪ 2006ರ ಏಪ್ರಿಲಿನದು. ಬೆಥೆಸ್ಡಾ ಆಬ್ಲಿವಿಯನ್ ಆಟದ ಕುದುರೆಗೆ ಒಂದು ಕವಚ ಮಾಡಿ ಎರಡೂವರೆ ಡಾಲರಿಗೆ ಮಾರಿತು. ಲೋಕವೆಲ್ಲ ನಕ್ಕಿತು, ಬಯ್ದಿತು, ಕೊಂಡಿತು. ಹಾವೇರಿ ಜಿಲ್ಲೆಯ ನಿಲುವು ಇಲ್ಲಿ ಸೂಕ್ಷ್ಮವಾದದ್ದು. ದೀಪಾವಳಿಯಿಂದ ಮುಂದಕ್ಕೆ ಊರೂರಲ್ಲಿ ನಡೆಯುವ ಕೊಬ್ಬರಿ ಹೋರಿ ಹಬ್ಬದಲ್ಲಿ ಹೋರಿಗೆ ಜೂಲ ಹೊದಿಸಿ, ಕೋಡಿಗೆ ಬಲೂನು ಕಟ್ಟಿ, ಕೊರಳಿಗೆ ಕೊಬ್ಬರಿ ಸರ ಹಾಕಿ ಓಡಿಸುತ್ತಾರೆ. ಒಂದೊಂದು ಹೋರಿಗೂ ಹೆಸರುಂಟು, ಅಭಿಮಾನಿ ಬಳಗವುಂಟು, ಬ್ಯಾನರುಂಟು. ಪ್ರಾಣಿಯ ಸಿಂಗಾರಕ್ಕೆ ಖರ್ಚು ಮಾಡುವುದನ್ನು ಇಲ್ಲಿ ಯಾರೂ ದಂಡ ಎನ್ನುವುದಿಲ್ಲ. ಆದರೆ ಹೋರಿಯ ಕೊಬ್ಬರಿಯನ್ನು ಹರಿದವನು ಮನೆಗೆ ಒಯ್ಯಬಹುದು. ಕುದುರೆಯ ಕವಚದಲ್ಲಿ ಹರಿದು ಒಯ್ಯುವಂಥದ್ದು ಏನೂ ಇರಲಿಲ್ಲ ಎಂಬುದೇ ಶಾಖೆಯ ತಕರಾರು.

ಮೂರನೆಯದು ಕೊನೆ ಕೆಡುವ ಭಯ. 2012ರಲ್ಲಿ ‘ಮಾಸ್ ಎಫೆಕ್ಟ್ 3’ ಮುಗಿಸಿದ ಆಟಗಾರರು, ಏನೇ ಆರಿಸಿದರೂ ಬಣ್ಣವಷ್ಟೇ ಬದಲಾಗುವ ಒಂದೇ ಮುಕ್ತಾಯ ಸಿಗುತ್ತದೆ ಎಂದು ಸಿಟ್ಟಾದರು. ತಯಾರಕರಾದ ಬಯೋವೇರ್ ಕಂಪನಿಗೆ ಕೆಂಪು, ಹಸಿರು, ನೀಲಿ ಕಪ್‌ಕೇಕುಗಳನ್ನು ಕಳುಹಿಸಿದರು. ಮೂರರ ರುಚಿಯೂ ಒಂದೇ. ಕಂಪನಿ ಆ ಬೇಸಿಗೆಯಲ್ಲೇ ಮುಕ್ತಾಯವನ್ನು ಹಿಗ್ಗಿಸಿ ಕೊಟ್ಟಿತು. ಪ್ರತಿಭಟನೆಯ ಇತಿಹಾಸದಲ್ಲಿ ಇಷ್ಟು ಸಿಹಿಯಾದದ್ದು ಸಿಗಲಾರದು. ಎಲ್ಡರ್ ಸ್ಕ್ರೋಲ್ಸ್ ಅಭಿಮಾನಿಗಳಿಗೆ ಈ ಭಯ ಕಡಿಮೆ, ಏಕೆಂದರೆ ಆಟವನ್ನು ಕೊನೆಯವರೆಗೆ ಆಡಿದವರೇ ಅವರಲ್ಲಿ ಕಡಿಮೆ.

ನಾಲ್ಕನೆಯದನ್ನು ಬಾಯಿಬಿಟ್ಟು ಯಾರೂ ಹೇಳುವುದಿಲ್ಲ. ಅದು ವಯಸ್ಸಿನದು. ಸ್ಕೈರಿಮ್ ಬಂದಾಗ ಎಸ್ಸೆಸ್ಸೆಲ್ಸಿಯಲ್ಲಿದ್ದವನು ಟೀಸರ್ ಬಂದಾಗ ಡಿಗ್ರಿ ಮುಗಿಸಿ ಬೀಜದ ಕಂಪನಿಯ ಗೋದಾಮಿನಲ್ಲಿ ಕೆಲಸ ಹಿಡಿದಿದ್ದ. ಈಗ ಮನೆಯಲ್ಲಿ ‘ರವಿವಾರ ಕನ್ಯಾ ನೋಡಾಕ ಹೋಗೂಣು’ ಎನ್ನುತ್ತಾರೆ. 2023ರ ಜೂನಿನಲ್ಲಿ ಅಮೆರಿಕದ ನ್ಯಾಯಾಲಯವೊಂದರಲ್ಲಿ ಮೈಕ್ರೋಸಾಫ್ಟ್‌ನ ಫಿಲ್ ಸ್ಪೆನ್ಸರ್, ಆಟ ಬರಲು ಇನ್ನೂ ಐದು ವರ್ಷವೋ ಹೆಚ್ಚೋ ಆಗಬಹುದೆಂದು ಹೇಳಿಕೆ ಕೊಟ್ಟರು. ಬೆಥೆಸ್ಡಾದ ಮಾತೃಸಂಸ್ಥೆಯನ್ನು ಮೈಕ್ರೋಸಾಫ್ಟ್ 2021ರಲ್ಲೇ 750 ಕೋಟಿ ಡಾಲರಿಗೆ ಕೊಂಡಿತ್ತಾದ್ದರಿಂದ ಈ ಮಾತಿಗೆ ಯಜಮಾನನ ಮಾತಿನ ತೂಕವಿದೆ. ಆ ಲೆಕ್ಕದಲ್ಲಿ 2028ಕ್ಕೆ ಮೊದಲಿಲ್ಲ. ಆಗ ಆಡುವ ಕುರ್ಚಿ ಮಗುವಿನದಾಗಿರುತ್ತದೆ ಎಂದು ಆಗಮವಾದಿಗಳೇ ಒಳಗೊಳಗೆ ಲೆಕ್ಕ ಹಾಕುತ್ತಾರೆ. ಮಾತು ಇಲ್ಲಿಗೆ ಬಂದಾಗ ಯಾರೋ ಒಬ್ಬ ಇನ್ನೊಂದು ಚಹಾ ಹೇಳುತ್ತಾನೆ.

ಹೀಗಾಗಿ ಕಾರ್ಣಿಕ, ಟೀಸರ್ ಎರಡನ್ನೂ ಬಲ್ಲ ಶಾಖೆಯು ಎರಡರ ಶಾಸ್ತ್ರೀಯತೆಯನ್ನು ತೂಗಿ ನೋಡಿದೆ. ತೀರ್ಪು ದೇವರಗುಡ್ಡದ ಪರ. ಕಾರ್ಣಿಕಕ್ಕೆ ತಿಥಿ ಉಂಟು. ಮಳೆ ತಪ್ಪಿದರೂ ಕಾರ್ಣಿಕ ತಪ್ಪುವುದಿಲ್ಲ. ಈ ವರ್ಷದ ನುಡಿ ಸುಳ್ಳಾಯಿತೋ ನಿಜವಾಯಿತೋ ಎಂಬುದು ರಾಶಿ ಮಾಡುವ ಹೊತ್ತಿಗೆ ಗೊತ್ತಾಗುತ್ತದೆ. ಮರುವರ್ಷ ಹೊಸ ನುಡಿ ಬರುತ್ತದೆ. ಬೆಥೆಸ್ಡಾದ ಗೊರವಯ್ಯ 2018ರಲ್ಲಿ ಬಿಲ್ಲೇರಿದವನು ‘ಸದ್ದಲೇ’ ಎಂದದ್ದು ನಿಜ, ಜನ ಗಪ್ಪಾದದ್ದೂ ನಿಜ. ಮುಂದಿನ ವಾಕ್ಯ ಇನ್ನೂ ಬಂದಿಲ್ಲ, ಅವನು ಕೆಳಗೂ ಇಳಿದಿಲ್ಲ.

ಕೊನೆಯದಾಗಿ ಮುಂಗಡ ಬುಕಿಂಗ್ ವಿಚಾರ. ಆಟ ಬರುವ ತಿಂಗಳುಗಟ್ಟಲೆ ಮೊದಲೇ ಪೂರ್ತಿ ದುಡ್ಡು ಕಟ್ಟಿ, ಪ್ರತಿಯಾಗಿ ಬಣ್ಣದ ಕತ್ತಿಯೊಂದನ್ನು ಪಡೆಯುವ ಪದ್ಧತಿ ಇದು. ರಾಣೆಬೆನ್ನೂರು ತರಕಾರಿ ಬೀಜೋತ್ಪಾದನೆಯ ಊರು. ಇಲ್ಲಿ ರೈತ ಹೂವಿಗೆ ಕೈಯಿಂದ ಪರಾಗ ಮುಟ್ಟಿಸಿ, ಕಾಯಿ ಮಾಗಿಸಿ, ಬೀಜ ತೆಗೆದು ಕಂಪನಿಗೆ ಕೊಟ್ಟರೂ ಪರೀಕ್ಷೆಯಲ್ಲಿ ಬೀಜ ಪಾಸಾಗುವವರೆಗೆ ರೊಕ್ಕಕ್ಕೆ ಕಾಯಬೇಕು. ಅಂಥ ಮನೆಯಲ್ಲಿ ಮುಂಗಡ ಬುಕಿಂಗನ್ನು ವಿವರಿಸುವುದು ಕಷ್ಟ. ‘ಟೆಸ್ಟ್ ಆಗೂಕಿಂತ ಮೊದ್ಲ ಅವರಿಗೆ ಯಾಕ ರೊಕ್ಕ ಕೊಡ್ತೀಯೋ ತಮ್ಮಾ?’ ಎಂಬ ಪ್ರಶ್ನೆಗೆ ಯಾವ ದರ್ಶನದಲ್ಲೂ ಉತ್ತರವಿಲ್ಲ. ಆದ್ದರಿಂದ ಶಾಖೆಯ ವಿಧಿ ಹೀಗಿದೆ: ಮೊದಲು ದಾವಣಗೆರೆಯವರು ಕೊಳ್ಳಲಿ, ಅವರ ಸಿಸ್ಟಮ್ಮಿನಲ್ಲಿ ಒಂದು ವಾರ ಓಡಲಿ, ಆಮೇಲೆ ರಿಯಾಯಿತಿ ದರ ಬಂದಾಗ ನಾಲ್ಕು ಜನ ಸೇರಿ ಒಂದು ಪ್ರತಿ ತೆಗೆದುಕೊಳ್ಳುವುದು. ಯಾರ ಹೆಸರಿನ ಖಾತೆಯಲ್ಲಿ ಎಂಬುದಷ್ಟೇ ಇತ್ಯರ್ಥವಾಗಬೇಕಿದೆ.